ಸಂಗೀತ ಮಾಸ್ತರರ ಬೇಸಿಗೆ ರಜೆ

ನರಗುಂದ ತಾಲ್ಲೂಕಿನ ಎರೆಭೂಮಿಯಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಹೊಲಗಳು ಬರಿದಾಗಿರುತ್ತವೆ, ಶಾಲೆಗಳಿಗೆ ಬೀಗ ಬೀಳುತ್ತದೆ. ಕಡಲೆ, ಗೋದಿ, ಬಿಳಿಜೋಳಗಳ ರಾಶಿ ಮುಗಿದು ಜಾತ್ರೆ, ಮದುವೆ, ನಾಟಕಗಳ ಕಾಲ ಮೊದಲಾಗುತ್ತದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಶಿಕ್ಷಕರಿಗೆ ದೊರೆಯುವ ಬಿಡುವು ವಿಶ್ರಾಂತಿಗೂ ದೇಹಾರೋಗ್ಯದ ಸುಧಾರಣೆಗೂ ತಕ್ಕ ಕಾಲವೆಂದು ವೈದ್ಯರಾದ ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ. 'ಈಗಂತೂ ರಜೆ, ದಿನವೂ ನಡೆಯಿರಿ' ಎಂದು ಹೇಳಿ ಕಳುಹಿಸುತ್ತೇವೆ. ಈ ಭಾವನೆ ಎಷ್ಟು ತಪ್ಪಾಗಿರಬಲ್ಲದೆಂಬುದನ್ನು ನನಗೆ ಕಲಿಸಿದವರು ಚಿಕ್ಕನರಗುಂದದ ಒಬ್ಬ ಸಂಗೀತ ಶಿಕ್ಷಕರು. ಅವರ ಒಪ್ಪಿಗೆ ಪಡೆದು, ಹೆಸರನ್ನು ಹೇಳದೆ, ಅವರ ಒಂದು ವರ್ಷದ ಅನುಭವವನ್ನು ಇಲ್ಲಿ ವಿವರಿಸಲಾಗಿದೆ. ರಜೆಯಲ್ಲಿ ಊರು ಬಿಟ್ಟು ತಿರುಗಬೇಕಾದ ಪ್ರತಿಯೊಬ್ಬರಿಗೂ, ಅವರ ಕುಟುಂಬದವರಿಗೂ, ಇದರಲ್ಲಿ ತಿಳಿಯತಕ್ಕ ಅಂಶಗಳಿವೆ.

ಮೊದಲ ಭೇಟಿ

ಅವರಿಗೆ ಆಗ ೪೬ ವರ್ಷ. ಹಗಲು ಪ್ರೌಢಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಾರೆ. ಸಂಜೆ ಮನೆಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಹಾರ್ಮೋನಿಯಂ ಹಾಗೂ ಗಾಯನದ ಪಾಠ ಹೇಳುತ್ತಾರೆ. ನಮ್ಮ ಕಡೆ ಇಂಥವರನ್ನು 'ಪೇಟಿ ಮಾಸ್ತರರು' ಎಂದು ಗೌರವದಿಂದ ಕರೆಯುವುದು ರೂಢಿ. ಫೆಬ್ರವರಿಯಲ್ಲಿ ಅವರು ಬಂದದ್ದು ಸೊಂಟನೋವಿಗೆ ಗುಳಿಗೆ ಕೇಳಲು. ಮೂವತ್ತು ವರ್ಷ ದಾಟಿದ ಎಲ್ಲರ ರಕ್ತದೊತ್ತಡವನ್ನು ಅಳೆಯುವುದು ನಮ್ಮ ಕ್ರಮವಾದುದರಿಂದ ಅಳೆದು ನೋಡಲಾಗಿ ಅದು ೧೫೨/೯೬ ಇತ್ತು. ವಾರ ಬಿಟ್ಟು ಎರಡು ಸಲ ನೋಡಿದಾಗಲೂ ೧೪೦/೯೦ರ ಗೆರೆಯಿಂದ ಕೆಳಗೆ ಇಳಿಯಲಿಲ್ಲ. ತೂಕ ೭೮ ಕಿಲೋ, ಎತ್ತರ ೧೬೫ ಸೆಂಟಿಮೀಟರು, ಸೊಂಟದ ಸುತ್ತಳತೆ ೧೦೦ ಸೆಂಟಿಮೀಟರು. ಭಾರತೀಯ ಪುರುಷರಲ್ಲಿ ಈ ಸುತ್ತಳತೆ ೯೦ನ್ನೂ ಸ್ತ್ರೀಯರಲ್ಲಿ ೮೦ನ್ನೂ ಮೀರಿದರೆ ಹೊಟ್ಟೆಯೊಳಗೆ ಬೊಜ್ಜು ಕೂಡಿದೆ ಎಂದೇ ತಿಳಿಯಬೇಕು. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆಯ ಅಂಶ ೧೧೬ ಮಿಲಿಗ್ರಾಂ ಇತ್ತು. ೧೨೬ ಮುಟ್ಟಿದರೆ ಮಧುಮೇಹ. ಅವರು ಅದರ ಹೊಸ್ತಿಲ ಮೇಲೆ ನಿಂತಿದ್ದರು.

ಇಷ್ಟನ್ನು ವಿವರಿಸಿದಾಗ ಅವರು ಕೇಳಿದ ಪ್ರಶ್ನೆ ಇದು: "ದಿನಾ ನಾಲ್ಕೈದು ತಾಸು ಹಾಡತೀನಿ, ಭಾತಿ ಒತ್ತತೀನಿ. ಅದು ವ್ಯಾಯಾಮ ಅಲ್ಲೇನ್ರೀ?"

ಪ್ರಶ್ನೆ ಸಮಂಜಸವಾದುದೇ. ಗಾಯನದಿಂದ ಉಸಿರಾಟದ ಸ್ನಾಯುಗಳಿಗೆ ಹದ ಬರುತ್ತದೆ, ಮನಸ್ಸಿಗೆ ನೆಮ್ಮದಿ ದೊರೆಯುತ್ತದೆ. ಆದರೆ ರಕ್ತದಲ್ಲಿರುವ ಸಕ್ಕರೆಯನ್ನು ಹೆಚ್ಚಾಗಿ ಬಳಸಿಕೊಳ್ಳುವವು ತೊಡೆ, ಪೃಷ್ಠ, ಮೀನಖಂಡಗಳ ದೊಡ್ಡ ಸ್ನಾಯುಗಳು. ಚಕ್ಕಳಮಕ್ಕಳ ಹಾಕಿ ಪೇಟಿಯ ಮುಂದೆ ಕುಳಿತಾಗ ಇವು ಸಂಪೂರ್ಣ ನಿಶ್ಚಲವಾಗಿರುತ್ತವೆ. ಬೆರಳುಗಳು ಎಷ್ಟು ವೇಗವಾಗಿ ಓಡಿದರೂ ಹೃದಯಕ್ಕೆ ಆಗುವ ಕೆಲಸ ಅತ್ಯಲ್ಪ. ಮಾಸ್ತರರು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಹೊತ್ತು ಕುಳಿತಿರುತ್ತಿದ್ದರು. ಅವರ ಸೊಂಟನೋವಿಗೂ ಅದೇ ಕಾರಣವಾಗಿತ್ತು.

ನಾನು ಪುಸ್ತಕದಲ್ಲಿರುವಂತೆ ಸಲಹೆ ಕೊಟ್ಟೆ. ಬೆಳಗ್ಗೆ ಐದಕ್ಕೆ ಎದ್ದು ಮೂರು ಕಿಲೋಮೀಟರು ನಡಿಗೆ, ಉಪ್ಪು ಮಿತವಾಗಿ, ಅಮ್ಲೋಡಿಪಿನ್ ೫ ಮಿಲಿಗ್ರಾಂ ಮಾತ್ರೆ ದಿನಕ್ಕೊಂದು, ಮೇ ತಿಂಗಳ ಕೊನೆಗೆ ನಾಲ್ಕು ಕಿಲೋ ತೂಕ ಇಳಿಸುವುದು. ಅವರು ಎಲ್ಲಕ್ಕೂ "ಆತ್ರೀ" ಎಂದು ತಲೆದೂಗಿ ಹೋದರು. ಬೆಳಗಿನ ಐದು ಗಂಟೆ ಅವರ ಖರ್ಜ ಸಾಧನೆಯ ಹೊತ್ತೆಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮೂವತ್ತು ವರ್ಷಗಳಿಂದ ಮಂದ್ರಸ್ಥಾಯಿಯ ಷಡ್ಜವನ್ನು ಹಿಡಿದು ಕೂರುವ ಆ ಒಂದು ತಾಸನ್ನು ಅವರು ಯಾವ ವೈದ್ಯರ ಮಾತಿಗೂ ಬಿಡುವವರಲ್ಲ. ಬಿಡಬೇಕಾದ ಅಗತ್ಯವೂ ಇರಲಿಲ್ಲವೆಂಬುದು ನನಗೆ ಮುಂದೆ ತಿಳಿಯಿತು.

ರಜೆಯೋ, ದುಡಿಮೆಯೋ

ಈ ಪ್ರದೇಶದಲ್ಲಿ ಸಂಗೀತಕ್ಕೂ ಸಂಚಾರಕ್ಕೂ ಹಳೆಯ ನಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಅಲ್ಲಿ ನೆಲೆ ನಿಲ್ಲುವುದಕ್ಕೆ ಮುನ್ನ ಶಿಷ್ಯರನ್ನು ಜೊತೆಗಿಟ್ಟುಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದವರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಸಂಗೀತ ಕಲಿಸುವುದರ ಜೊತೆಗೆ ನಾಟಕಗಳನ್ನೂ ಬರೆದರು, ನಾಟ್ಯಸಂಘವನ್ನೂ ನಡೆಸಿದರು. ಗದಗ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು (೧೯೨೨–೨೦೧೧) ಗುರುವನ್ನು ಅರಸಿ ಬಾಲ್ಯದಲ್ಲಿಯೇ ಮನೆ ಬಿಟ್ಟು ರೈಲು ಹತ್ತಿದ ಸಂಗತಿ ಎಲ್ಲರಿಗೂ ತಿಳಿದದ್ದು. ಆದುದರಿಂದ ಹಳ್ಳಿಯ ಸಂಗೀತ ಮಾಸ್ತರರು ಬೇಸಿಗೆಯಲ್ಲಿ ಪೇಟಿಯನ್ನು ಹೆಗಲಿಗೇರಿಸಿ ಹೊರಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಮಾಸ್ತರರಿಗೆ ಶಾಲೆಯ ಗೌರವಧನ ದೊರೆಯುತ್ತಿದ್ದುದು ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಉಳಿದೆರಡು ತಿಂಗಳ ಸಂಸಾರ ಸಾಗಬೇಕು, ಜೂನ್ ತಿಂಗಳಲ್ಲಿ ಮಗನ ಕಾಲೇಜಿನ ಶುಲ್ಕ ಕಟ್ಟಬೇಕು. ಜಾತ್ರೆಗೆ ನಾಟಕವಾಡಿಸುವ ಹಳ್ಳಿಗಳಲ್ಲಿ ಮೂರು ವಾರ ಮೊದಲೇ ಪೇಟಿ ಮಾಸ್ತರರನ್ನು ಕರೆಸಿ ಇರಿಸಿಕೊಳ್ಳುವರು. ಹೊಲದ ಕೆಲಸ ಮುಗಿಸಿ ಬಂದ ಹುಡುಗರಿಗೆ ರಾತ್ರಿ ಎಂಟರಿಂದ ಹನ್ನೆರಡರವರೆಗೆ ತಾಲೀಮು. ಜಾತ್ರೆಯ ದಿನ ರಾತ್ರಿ ಹತ್ತಕ್ಕೆ ಮೊದಲಾದ ಆಟ ಮುಗಿಯುವುದು ಬೆಳಗಿನ ಆರಕ್ಕೆ. ಆ ಎಂಟು ತಾಸೂ ಮಾಸ್ತರರು ಪೇಟಿ ಬಿಟ್ಟು ಏಳುವಂತಿಲ್ಲ. ಒಂದು ಊರಿನ ಆಟ ಮುಗಿಯುವಷ್ಟರಲ್ಲಿ ಮತ್ತೊಂದು ಊರಿನವರು ಗಾಡಿ ತಂದಿರುತ್ತಾರೆ. ನಡುವೆ ನಾಲ್ಕು ಮದುವೆ, ಒಂದು ಸೀಮಂತ, ಸೊಲ್ಲಾಪುರದಲ್ಲಿರುವ ಮಗಳ ಮನೆಗೆ ಐದು ದಿನದ ಪ್ರವಾಸ. ರಜೆಯೆಂದು ನಾನು ತಿಳಿದಿದ್ದ ಏಳು ವಾರಗಳಲ್ಲಿ ಅವರು ಸ್ವಂತ ಮನೆಯಲ್ಲಿ ಮಲಗಿದ್ದು ಒಂಬತ್ತೇ ರಾತ್ರಿ ಎಂದು ಆಮೇಲೆ ಲೆಕ್ಕ ಹಾಕಿದೆವು.

ಪರವೂರಿನಲ್ಲಿ ನಡಿಗೆಗೆ ಬರುವ ಅಡ್ಡಿಗಳನ್ನು ನಾವು ಆಸ್ಪತ್ರೆಯಲ್ಲಿ ಕುಳಿತು ಊಹಿಸಲಾರೆವು. ತಡರಾತ್ರಿ ಮಲಗಿದವರು ಬೆಳಗ್ಗೆ ಏಳುವಾಗ ಬಿಸಿಲೇರಿರುತ್ತದೆ. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ, ನೆರಳಿಲ್ಲದ ಎರೆಹೊಲದ ದಾರಿಯಲ್ಲಿ, ಎಂಟು ಗಂಟೆಯ ಮೇಲೆ ವೇಗವಾಗಿ ನಡೆಯುವುದು ಕ್ಷೇಮವಲ್ಲ. ಸಂಜೆ ಹೊರಟರೆ ಕಟ್ಟೆಯ ಮೇಲೆ ಕುಳಿತವರೆಲ್ಲ "ಎಲ್ಲಿಗ್ ಹೊಂಟ್ರಿ ಮಾಸ್ತರ್, ಗಾಡಿ ಮ್ಯಾಲೆ ಬಿಟ್ಟು ಬರತೀವಿ ಕೂಡ್ರಿ" ಎನ್ನುತ್ತಾರೆ. ಅತಿಥಿಯಾದವನು ಕಾರಣವಿಲ್ಲದೆ ಊರ ಸುತ್ತ ನಡೆಯುವುದು ಹಳ್ಳಿಯಲ್ಲಿ ವಿಚಿತ್ರವಾಗಿಯೇ ಕಾಣುತ್ತದೆ. ಕತ್ತಲಾದ ಮೇಲೆ ನಾಯಿಗಳ ಕಾಟ ಬೇರೆ. ಹೀಗೆ ಮಾಸ್ತರರ ಮೂರು ಕಿಲೋಮೀಟರಿನ ಸಂಕಲ್ಪ ಮಾರ್ಚ್ ತಿಂಗಳಲ್ಲಿ ಹನ್ನೊಂದು ದಿನ ನಡೆದು, ಏಪ್ರಿಲ್‌ನಲ್ಲಿ ಪೂರ್ತಿ ನಿಂತುಹೋಯಿತು. ಇದನ್ನು ಸೋಮಾರಿತನವೆಂದು ಕರೆದರೆ ನ್ಯಾಯವಾಗದು.

ಮೇ ತಿಂಗಳ ಒಂದು ರಾತ್ರಿ

ಮೇ ಮೂರನೆಯ ವಾರ ಮಲಪ್ರಭೆಯ ದಂಡೆಯ ಕಡೆಯ ಒಂದು ಹಳ್ಳಿಯಲ್ಲಿ ಆಟ. ರಾತ್ರಿ ಮೂರು ಗಂಟೆಯ ಸುಮಾರಿಗೆ ಮಾಸ್ತರರಿಗೆ ತಲೆಯ ಹಿಂಭಾಗ ಸಿಡಿಯತೊಡಗಿತು, ಕಣ್ಣು ಮಂಜಾಯಿತು. ಪರದೆ ಬಿದ್ದಾಗ ಎದ್ದು ನಿಲ್ಲಲು ಹೋಗಿ ತೋಲ ತಪ್ಪಿತು. 'ಬಿ.ಪಿ. ಇಳಿದಿರಬೇಕು' ಎಂದು ಯಾರೋ ತೀರ್ಮಾನಿಸಿ, ಉಪ್ಪು ಹಾಕಿದ ಲಿಂಬು ಸೋಡಾ ಕುಡಿಸಿದರು. ಅದನ್ನು ಕುಡಿದು ಅವರು ಮತ್ತೆ ಪೇಟಿಯ ಮುಂದೆ ಕುಳಿತು, ಮಂಗಳ ಹಾಡಿಯೇ ಎದ್ದರು.

ಬೆಳಗ್ಗೆ ಒಂಬತ್ತಕ್ಕೆ ನಮ್ಮಲ್ಲಿಗೆ ಬಂದಾಗ ರಕ್ತದೊತ್ತಡ ೧೮೮/೧೧೨. ಮುಖ ಓರೆಯಾಗಿದೆಯೇ, ಎರಡೂ ಕೈಗಳನ್ನು ಸಮವಾಗಿ ಎತ್ತಬಲ್ಲರೇ, ಮಾತು ತೊದಲುತ್ತಿದೆಯೇ ಎಂದು ಮೊದಲು ನೋಡಿದೆ. ದೇವರ ದಯೆಯಿಂದ ಅಂಥ ಲಕ್ಷಣ ಒಂದೂ ಇರಲಿಲ್ಲ. ಹೃದಯದ ವಿದ್ಯುತ್ ಲೇಖನ, ಮೂತ್ರ, ರಕ್ತ ಎಲ್ಲವನ್ನೂ ಪರೀಕ್ಷಿಸಲಾಯಿತು. ಸಂಜೆಯವರೆಗೆ ಅವರನ್ನು ಮಲಗಿಸಿ, ಒತ್ತಡ ಮೆಲ್ಲಗೆ ಇಳಿಯುವುದನ್ನು ನೋಡಿದ ಮೇಲೆಯೇ ಮನೆಗೆ ಕಳುಹಿಸಿದೆ.

ಇಲ್ಲಿ ವಾಚಕರು ಎರಡು ಸಂಗತಿಗಳನ್ನು ಗಮನಿಸಬೇಕು. ತಲೆ ಸುತ್ತಿದಾಕ್ಷಣ ರಕ್ತದೊತ್ತಡ ಇಳಿದಿದೆಯೆಂದು ಊಹಿಸಿ ಉಪ್ಪು ಕೊಡುವುದು ನಮ್ಮ ಹಳ್ಳಿಗಳಲ್ಲಿ ಬಹಳವಾಗಿದೆ. ಅಳೆದು ನೋಡದೆ ಯಾರೂ ಅದನ್ನು ಹೇಳಲಾರರು. ಮತ್ತೊಂದು, ಅಂದು ಅವರ ಬಲಗೈ ಸೋತಿದ್ದರೆ ಅಥವಾ ಬಾಯಿ ಓರೆಯಾಗಿದ್ದರೆ, ಬೆಳಗಾಗುವ ತನಕ ಕಾಯುವುದು ಎಷ್ಟು ಮಾತ್ರಕ್ಕೂ ಸಲ್ಲದು. ಅದು ಪಾರ್ಶ್ವವಾಯುವಿನ ಲಕ್ಷಣ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಲಕ್ಷಣಗಳು ಕಾಣಿಸಿಕೊಂಡ ನಾಲ್ಕೂವರೆ ತಾಸಿನೊಳಗೆ, ಮಿದುಳಿನ ಸ್ಕ್ಯಾನ್ ಮಾಡಿದ ಬಳಿಕ, ಕೊಡಬೇಕಾಗುತ್ತದೆ. ನಾಟಕದ ಊರಿನಿಂದ ಅಂಥ ಸೌಕರ್ಯವಿರುವ ದೊಡ್ಡ ಆಸ್ಪತ್ರೆಗೆ ದಾರಿಯಲ್ಲಿಯೇ ಎಷ್ಟು ಹೊತ್ತು ಹಿಡಿಯುವುದೆಂದು ಲೆಕ್ಕ ಹಾಕಿದರೆ, ೧೦೮ಕ್ಕೆ ಕೂಡಲೇ ಕರೆಮಾಡಬೇಕಾದ ಅಗತ್ಯ ಮನದಟ್ಟಾಗುತ್ತದೆ. ಬೆರಳು ಸೋತ ಪೇಟಿ ಮಾಸ್ತರರ ಮನೆಯಲ್ಲಿ ಮುಂದಿನ ತಿಂಗಳಿನಿಂದ ಒಲೆ ಹೇಗೆ ಉರಿಯಬೇಕು?

ಕಾಲಿನ ಬಾವು ಮತ್ತು ಬಿಟ್ಟ ಮಾತ್ರೆ

ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಾಗ ಅವರು ಮೊದಲು ಹೌದೆಂದರು. ಪತ್ನಿ ಪಕ್ಕದಿಂದ, "ಖರೇ ಹೇಳ್ರಿ" ಎಂದ ಮೇಲೆ ಸತ್ಯ ಹೊರಬಿತ್ತು. ಇಪ್ಪತ್ತನಾಲ್ಕು ದಿನಗಳಿಂದ ಮಾತ್ರೆ ನಿಂತಿತ್ತು. ಸೊಲ್ಲಾಪುರದ ಬಸ್ಸಿನಲ್ಲಿ ಇಳಿದಾಗ ಎರಡೂ ಪಾದಗಳು ಬಾತು ಚಪ್ಪಲಿ ಹಿಡಿಯದಂತಾಗಿದ್ದವು. ಮಾತ್ರೆಯಿಂದ ಮೂತ್ರಪಿಂಡ ಕೆಟ್ಟಿತೆಂದು ಬಂಧುವೊಬ್ಬರು ಹೆದರಿಸಿದರು. ಬಿಟ್ಟ ಮೇಲೆ ಬಾವು ಇಳಿಯಿತು. ತಲೆ ಸುತ್ತಲಿಲ್ಲ, ಏನೂ ಆಗಲಿಲ್ಲ. ಹಾಗಾಗಿ ಮಾತ್ರೆ ಬೇಕಾಗಿಯೇ ಇರಲಿಲ್ಲವೆಂದು ಅವರು ತಿಳಿದರು.

ತಪ್ಪಿನ ಅರ್ಧ ಪಾಲು ನನ್ನದು. ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಪಾದ ಬಾಯುತ್ತದೆಂಬುದನ್ನು ನಾನು ಮೊದಲೇ ಹೇಳಬೇಕಿತ್ತು. ಈ ಔಷಧವು ಸಣ್ಣ ಅಪಧಮನಿಗಳನ್ನು ಸಡಿಲಗೊಳಿಸುತ್ತದೆ. ಅಭಿಧಮನಿಗಳು ಅದೇ ಪ್ರಮಾಣದಲ್ಲಿ ಸಡಿಲವಾಗುವುದಿಲ್ಲ. ಹೀಗಾಗಿ ನೀರಿನಂಶವು ಸೂಕ್ಷ್ಮನಾಳಗಳಿಂದ ಹೊರಕ್ಕೆ ಜಿನುಗಿ ಕಣಕಾಲಿನಲ್ಲಿ ನಿಲ್ಲುತ್ತದೆ. ಬಿಸಿಲಿನ ದಿನ, ತಾಸುಗಟ್ಟಲೆ ಕಾಲು ಇಳಿಬಿಟ್ಟು ಬಸ್ಸಿನಲ್ಲಿ ಕುಳಿತಾಗ, ಅದು ಹೆಚ್ಚಾಗುವುದು ಸಹಜ. ಇದು ಮೂತ್ರಪಿಂಡದ ಹಾನಿಯಲ್ಲ. ಆದರೆ ಕಾಲಿನ ಬಾವಿಗೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ಬೇರೆ ಕಾರಣಗಳೂ ಇರಬಹುದಾದುದರಿಂದ ಪರೀಕ್ಷಿಸದೆ ಮಾತ್ರೆಯ ಮೇಲೆ ಆರೋಪ ಹೊರಿಸುವುದೂ ಸರಿಯಲ್ಲ. ಒಂದೇ ಕಾಲು ಬಾತು ಮೀನಖಂಡ ನೋಯತೊಡಗಿದರಂತೂ ಅಂದೇ ವೈದ್ಯರಿಗೆ ತೋರಿಸಬೇಕು. ನಾಲ್ಕು ತಾಸಿಗೆ ಮೀರಿದ ಪ್ರಯಾಣದಲ್ಲಿ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ, ವಿರಳವಾದರೂ, ಇದ್ದೇ ಇದೆ.

ಮಾತ್ರೆ ಬಿಟ್ಟರೂ ಏನೂ ಆಗಲಿಲ್ಲವೆಂಬ ಅವರ ಅನುಭವ ನಿಜವೇ. ಅಮ್ಲೋಡಿಪಿನ್ ದೇಹದಿಂದ ನಿಧಾನವಾಗಿ ಹೊರಹೋಗುವ ಔಷಧ. ಎರಡು ಮೂರು ದಿನ ಬಿಟ್ಟರೆ ವ್ಯತ್ಯಾಸ ತಿಳಿಯದು, ವಾರದ ಮೇಲೆ ಒತ್ತಡ ಹಳೆಯ ಮಟ್ಟಕ್ಕೆ ಏರುತ್ತದೆ. ಏರಿದ ಒತ್ತಡ ಬಹುಕಾಲ ಯಾವ ಸುಳಿವನ್ನೂ ಕೊಡುವುದಿಲ್ಲ. ಮಾಸ್ತರರ ಮೂತ್ರ ಮತ್ತು ರಕ್ತದ ಪರೀಕ್ಷೆಗಳು ಸರಿಯಾಗಿದ್ದುದರಿಂದ ಅವರಿಗೆ ಟೆಲ್ಮಿಸಾರ್ಟಾನ್ ಎಂಬ ಬೇರೆ ಮಾತ್ರೆಯನ್ನು ಗೊತ್ತುಮಾಡಲಾಯಿತು. ಕುಟುಂಬದವರು ತಿಳಿದಿರಬೇಕಾದ ಒಂದು ಮಾತು: ಈ ಮಾತ್ರೆಯನ್ನು ಗರ್ಭಿಣಿಯರು ತೆಗೆದುಕೊಳ್ಳಲೇಬಾರದು. 'ಅಪ್ಪನಿಗೂ ಬಿ.ಪಿ., ಮಗಳಿಗೂ ಬಿ.ಪಿ.' ಎಂದು ಒಂದೇ ಡಬ್ಬಿಯಿಂದ ಹಂಚಿಕೊಳ್ಳುವ ಮನೆಗಳನ್ನು ನಾನು ಕಂಡಿದ್ದೇನೆ.

ಮಾತ್ರೆಯ ಚೀಟಿಯನ್ನು ಚಡ್ಡಿ ಅಂಗಿಗಳ ಚೀಲದಲ್ಲಿಟ್ಟರೆ ಚೀಲ ಒಂದು ಮನೆಯಲ್ಲಿ, ಮಾಸ್ತರರು ಮತ್ತೊಂದು ಊರಿನಲ್ಲಿ ಎಂಬಂತಾಗುತ್ತಿತ್ತು. ಈಗ ಅದು ಪೇಟಿಯ ಖೋಳಿನ ಒಳಚೀಲದಲ್ಲಿ ಇರುತ್ತದೆ. ಪೇಟಿಯನ್ನು ಅವರು ಎಲ್ಲಿಯೂ ಮರೆತು ಬಂದವರಲ್ಲ.

ಹೆಜ್ಜೆಗೆ ತಾಳ

ಜೂನ್ ತಿಂಗಳಲ್ಲಿ ನಾವು ಮತ್ತೆ ಮೊದಲಿನಿಂದ ಆರಂಭಿಸಿದೆವು. ತೂಕ ಆಗ ೭೯.೫ ಕಿಲೋ ಆಗಿತ್ತು. ಈ ಸಲ ನಾನು ಸಲಹೆ ಕೊಡುವುದಕ್ಕೆ ಮೊದಲು ಅವರ ದಿನಚರಿಯನ್ನು ಕೇಳಿ ಬರೆದುಕೊಂಡೆ. ಅದೂ ಊರಿನಲ್ಲಿರುವ ದಿನದ್ದಲ್ಲ, ತಿರುಗಾಟದ ದಿನದ್ದು. ಆ ದಿನಕ್ಕೆ ಹೊಂದುವ ವ್ಯಾಯಾಮ ಉಳಿದ ದಿನಗಳಿಗೆ ಹೊಂದಿಯೇ ಹೊಂದುತ್ತದೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅದನ್ನು ಒಮ್ಮೆಗೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಮಾಡಬೇಕೆಂಬ ಹಿಂದಿನ ನಿಬಂಧನೆಯನ್ನು ೨೦೨೦ರ ಮಾರ್ಗಸೂಚಿಯಲ್ಲಿ ಕೈಬಿಡಲಾಗಿದೆ. ಬಿಡಿಬಿಡಿಯಾಗಿ ನಡೆದದ್ದೂ ಲೆಕ್ಕಕ್ಕೆ ಸೇರುತ್ತದೆ. ಹಾಗಾದರೆ ಮೂರು ಊಟಗಳ ನಂತರ ಹತ್ತು ಹತ್ತು ನಿಮಿಷ ನಡೆದರೆ ದಿನಕ್ಕೆ ಮೂವತ್ತು, ಐದು ದಿನಕ್ಕೆ ನೂರೈವತ್ತು. ಊಟವಾದ ಮೇಲೆ ನಡೆಯುವುದರಿಂದ ಏರುವ ಸಕ್ಕರೆಯೂ ತಗ್ಗುತ್ತದೆ. ಮಧುಮೇಹದ ಹೊಸ್ತಿಲಲ್ಲಿ ಇರುವವರಿಗೆ ಇದು ವಿಶೇಷ ಲಾಭ. ಬೆಳಗಿನ ಖರ್ಜ ಸಾಧನೆ ಅದರ ಪಾಡಿಗೆ ಅದು ಉಳಿಯಿತು.

'ಮಧ್ಯಮ ಪ್ರಮಾಣ' ಎಂದರೇನೆಂದು ರೋಗಿಗಳಿಗೆ ತಿಳಿಹೇಳುವುದು ಕಷ್ಟ. ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಪರೀಕ್ಷೆಯಿದೆ: ನಡೆಯುವಾಗ ಮಾತನಾಡಲು ಸಾಧ್ಯವಿರಬೇಕು, ಹಾಡಲು ಸಾಧ್ಯವಿರಬಾರದು. ಇದನ್ನು ಕೇಳಿ ಮಾಸ್ತರರು ಬಹಳ ಹೊತ್ತು ನಕ್ಕರು. "ನನಗ ಹಾಡಾಕ ಬರದಂಗ ಮಾಡು ಅಂತ ಹೇಳಿದವರು ನೀವೊಬ್ಬರ ನೋಡ್ರಿ" ಎಂದರು. ಆದರೆ ಮರುದಿನವೇ ಪ್ರಯೋಗ ಮಾಡಿ ನೋಡಿದರು. ಭೂಪ ರಾಗದ ಆರೋಹ ಅವರೋಹಗಳನ್ನು ಒಂದೇ ಉಸಿರಿಗೆ ಹಾಡಲು ಬಂದರೆ ನಡಿಗೆ ನಿಧಾನವಾಯಿತೆಂದೂ, ಪಂಚಮದಲ್ಲಿಯೇ ಉಸಿರು ಮುರಿದರೆ ಸರಿಯಿದೆಯೆಂದೂ, ಹೆಸರು ಕೇಳಿದರೆ ಹೇಳಲಾಗದಷ್ಟು ಏದುಸಿರು ಬಂದರೆ ಅತಿಯಾಯಿತೆಂದೂ ಅವರು ತಮ್ಮದೇ ಅಳತೆ ಮಾಡಿಕೊಂಡರು.

ಎರಡನೆಯ ಅಳತೆ ಲಯದ್ದು. ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಹಾಕುವ ನಡಿಗೆ ಮಧ್ಯಮ ಪ್ರಮಾಣದ್ದೆಂದು ಪ್ರಯೋಗಗಳಿಂದ ತಿಳಿದಿದೆ. ಗಡಿಯಾರ ನೋಡಿ ಹೆಜ್ಜೆ ಎಣಿಸುವುದು ಇತರರಿಗೆ ಬೇಸರದ ಕೆಲಸ. ತಾಳ ಕಲಿಸುವವರಿಗೆ ಅದು ಉಸಿರಾಟದಷ್ಟು ಸಲೀಸು. ತೀನ್‌ತಾಲಕ್ಕೆ ಹದಿನಾರು ಮಾತ್ರೆ. ಮಾತ್ರೆಗೊಂದು ಹೆಜ್ಜೆಯಂತೆ ನಿಮಿಷಕ್ಕೆ ಆರು ಆವರ್ತನ ಹಾಕಿದರೆ ೯೬ ಹೆಜ್ಜೆ. ಹತ್ತು ನಿಮಿಷಕ್ಕೆ ಅರವತ್ತು ಆವರ್ತನ. ಮೊದಲ ವಾರ ಅವರು ನಲವತ್ತಕ್ಕೆ ಸುಸ್ತಾಗುತ್ತಿದ್ದರು. ಶ್ರಾವಣದ ಹೊತ್ತಿಗೆ ಅರವತ್ತೂ ಸಲೀಸಾಯಿತು. ಸಂಜೆಯ ಪಾಠದ ಮಕ್ಕಳನ್ನೂ ಕುಳ್ಳಿರಿಸುವ ಬದಲು ಅಂಗಳದಲ್ಲಿ ನಡೆಸುತ್ತ ತಾಳ ಹೇಳಿಸತೊಡಗಿದರು. ಲಯ ಕಾಲಿಗೆ ಇಳಿದ ಮಕ್ಕಳು ಬೇಗ ಕಲಿಯುತ್ತಾರೆಂಬುದು ಅವರ ಅಭಿಪ್ರಾಯ; ಆ ವಿಷಯದಲ್ಲಿ ನಾನು ಅಧಿಕಾರದಿಂದ ಏನೂ ಹೇಳಲಾರೆ.

ಪರವೂರಿನ ಸಂಕೋಚಕ್ಕೂ ಇದರಿಂದಲೇ ಉಪಾಯ ದೊರೆಯಿತು. ಊಟದ ಮನೆಯಿಂದ ತಾಲೀಮಿನ ಜಾಗಕ್ಕೆ ಬೈಕು ಹತ್ತದೆ, ನಟರಾದ ಹುಡುಗರನ್ನು ಜೊತೆಗೆ ಕರೆದುಕೊಂಡು ಮಾತು ಒಪ್ಪಿಸಿಕೊಳ್ಳುತ್ತ ನಡೆದರೆ, ಕಟ್ಟೆಯ ಮೇಲೆ ಕುಳಿತವರು ಏನೂ ಕೇಳುವುದಿಲ್ಲ. ಆಟದ ರಾತ್ರಿ ಒಂದೊಂದು ಪರದೆ ಬಿದ್ದಾಗಲೂ ಎದ್ದು ನಿಂತು, ನೆಲಕ್ಕೆ ಕೈಯೂರದೆ ಹತ್ತು ಸಲ ಅರ್ಧ ಬೈಠಕ್ ಹಾಕುವುದನ್ನು ರೂಢಿ ಮಾಡಿಕೊಂಡರು. ಗರಡಿಮನೆಯ ನಾಡಿನವರಿಗೆ ಬೈಠಕ್ ಹೇಳಿಕೊಡಬೇಕಾಗಿಲ್ಲ. ಆದರೆ ರಕ್ತದೊತ್ತಡ ಹತೋಟಿಗೆ ಬರುವ ತನಕ ಉಸಿರು ಬಿಗಿಹಿಡಿದು ಭಾರ ಎತ್ತುವ ಸಾಮು ಬೇಡವೆಂದು ತಿಳಿಸಿದ್ದೆ. ಬಸ್ಸಿನಲ್ಲಿ ಕುಳಿತಾಗ ಹಿಮ್ಮಡಿಯೂರಿ ಮುಂಗಾಲನ್ನು ತಾಳಕ್ಕೆ ಸರಿಯಾಗಿ ಎತ್ತಿ ಇಳಿಸುವುದು ಮೀನಖಂಡಕ್ಕೆ ಒಳ್ಳೆಯ ಚಲನೆ.

ತೂಕದ ಮುಳ್ಳು ಮಾತ್ರ ಎರಡು ತಿಂಗಳು ಕದಲಲಿಲ್ಲ. ಅವರು ಬೇಸರಗೊಂಡಾಗ ನಾನು ಚೆನ್ನೈನಲ್ಲಿ ನಡೆದ, ೨೦೦೬ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಹೇಳಿದೆ. ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಮೂರು ವರ್ಷ ಗಮನಿಸಿದಾಗ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ ೫೫ ಮಂದಿಗೆ ಮಧುಮೇಹ ಬಂತು. ನಡಿಗೆ ಹಾಗೂ ಆಹಾರಕ್ರಮವನ್ನು ಪಾಲಿಸಿದವರಲ್ಲಿ ೩೯ ಮಂದಿಗೆ. ಹೀಗೆ ಪಾರಾದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿ ಕಾಣಿಸದ ಲಾಭವೂ ಇದೆ.

ಪಂಕ್ತಿಯಲ್ಲಿ

ಆಹಾರದ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ಜೋಳದ ರೊಟ್ಟಿ, ಹೆಸರುಕಾಳು, ಸೊಪ್ಪು, ಮಜ್ಜಿಗೆಯ ನಮ್ಮ ದಿನದ ಊಟದಲ್ಲಿ ತಿದ್ದತಕ್ಕದ್ದು ಹೆಚ್ಚಿಲ್ಲ. ಮೇಲೆ ಹಾಕಿಕೊಳ್ಳುವ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಉಪ್ಪನ್ನು ಕಡಿಮೆ ಮಾಡಬೇಕು. ಎಲ್ಲ ಪದಾರ್ಥ ಸೇರಿ ದಿನಕ್ಕೆ ಒಂದು ಚಹಾ ಚಮಚದಷ್ಟು, ಎಂದರೆ ೫ ಗ್ರಾಂ, ಉಪ್ಪು ಸಾಕು. ತೊಂದರೆ ಇರುವುದು ಮದುವೆಯ ಪಂಕ್ತಿಯಲ್ಲಿ ಮತ್ತು ತಾಲೀಮಿನ ರಾತ್ರಿಯಲ್ಲಿ. ಮಾಸ್ತರರು ಒಂದು ರಾತ್ರಿಗೆ ಎಂಟು ಕಪ್ಪು ಚಹಾ ಕುಡಿಯುತ್ತಿದ್ದರು. ಕಪ್ಪಿಗೆ ಎರಡು ಚಮಚ ಸಕ್ಕರೆಯೆಂದರೂ ಅರವತ್ತು ಗ್ರಾಮಿಗೆ ಮೇಲಾಯಿತು. ಇಡೀ ದಿನಕ್ಕೆ ೨೫ ಗ್ರಾಂ ಮೀರದಿದ್ದರೆ ಒಳ್ಳೆಯದೆಂಬುದು ತಜ್ಞರ ಮತ. ಜೊತೆಗೆ ಮಿರ್ಚಿ, ಗಿರ್ಮಿಟ್, ನಿದ್ದೆ ತಡೆಯಲು ಅಡಿಕೆ–ತಂಬಾಕು. ತಂಬಾಕನ್ನು ಕುರಿತು ನಾನು ಯಾವ ರಾಜಿಗೂ ಒಪ್ಪಲಿಲ್ಲ. ಬಾಯಿಯ ಕ್ಯಾನ್ಸರ್ ಬಂದ ಹಾಡುಗಾರರ ಗತಿಯನ್ನು ವಿವರಿಸಬೇಕಾಗಿಲ್ಲ. ಚಹಾ ಮೂರಕ್ಕಿಳಿಯಿತು, ಉಳಿದದ್ದಕ್ಕೆ ನೀರು ಬಂತು. ಗಂಟಲಿಗೂ ಅದೇ ಹಿತ.

ಬಡಿಸುವವರ ಒತ್ತಾಯಕ್ಕೆ ಅವರು ಕಂಡುಕೊಂಡ ಮಾರ್ಗವೆಂದರೆ ಹುಗ್ಗಿಯನ್ನು ಮೊದಲೇ ಸ್ವಲ್ಪ ಬಡಿಸಿಕೊಂಡು ಕೊನೆಯವರೆಗೂ ಎಲೆಯ ಮೇಲೆ ಉಳಿಸಿಕೊಳ್ಳುವುದು. ಎಲೆಯಲ್ಲಿ ಇರುವ ತನಕ ಮತ್ತೆ ಬಡಿಸುವವರು ಮುಂದಕ್ಕೆ ಹೋಗುತ್ತಾರ‍ೆ.

ಮನೆಯವರ ರಜೆ

ಜೂನ್ ತಿಂಗಳ ಆ ಭೇಟಿಯಲ್ಲಿ ನಾನು ನಡಿಗೆಯ ವಿಷಯ ಹೇಳುತ್ತಿರುವಾಗ ಮಾಸ್ತರರ ಪತ್ನಿ ಸುಮ್ಮನೆ ಕುಳಿತಿದ್ದರು. ನೀವೂ ಜೊತೆಗೆ ನಡೆಯಬಹುದಲ್ಲ ಎಂದೆ. "ನಮಗ ರಜೆ ಯಾವಾಗ ಬರತೈತ್ರೀ ಡಾಕ್ಟರ್ರ? ಅವರಿಗೆ ರಜೆ ಬಂದ್ರ ನಮಗ ಕೆಲಸ ಬರತೈತಿ" ಎಂದರು. ನಾನು ನಿರುತ್ತರನಾದೆ. ರಜೆಯೆಂದರೆ ನಾದಿನಿಯರ ಮಕ್ಕಳು, ಬಂದು ಹೋಗುವ ಬಂಧುಗಳು, ವರ್ಷದ ಹಪ್ಪಳ ಸಂಡಿಗೆ. ಬೇಸಿಗೆಯಲ್ಲಿ ಅವರು ತವರಿಗೆ ಹೋಗಿ ನಾಲ್ಕು ವರ್ಷವಾಗಿತ್ತು.

ಅಲ್ಲಿಯವರೆಗೆ ಅವರ ನಾಡಿಯನ್ನು ಯಾರೂ ಹಿಡಿದು ನೋಡಿರಲಿಲ್ಲ. ಗಂಡನ ಆರೋಗ್ಯದ ಚೀಟಿಗಳನ್ನೆಲ್ಲ ಕಾಪಾಡಿಕೊಂಡು ಬಂದವರಿಗೆ ಸ್ವಂತದ್ದೊಂದು ಚೀಟಿಯೂ ಇರಲಿಲ್ಲ. ರಕ್ತದೊತ್ತಡ ಸರಿಯಾಗಿತ್ತು, ಆದರೆ ಹಿಮೋಗ್ಲೋಬಿನ್ ೮.೯ ಗ್ರಾಂ; ಸ್ತ್ರೀಯರಲ್ಲಿ ಅದು ೧೨ಕ್ಕೆ ಕಡಿಮೆ ಇರಬಾರದು. ಮೆಟ್ಟಿಲು ಹತ್ತಿದರೆ ಎದೆ ಹಾರುವುದನ್ನು, ಸಂಜೆ ಕಣ್ಣಿಗೆ ಕತ್ತಲೆ ಬರುವುದನ್ನು ಅವರು ವಯಸ್ಸಿನ ಲಕ್ಷಣವೆಂದು ತಿಳಿದಿದ್ದರು. ವಯಸ್ಸು ೪೧. ಮುಟ್ಟಿನ ಸ್ರಾವ ಎರಡು ವರ್ಷಗಳಿಂದ ಅಧಿಕವಾಗಿದ್ದುದೂ ಕೇಳಿದ ಮೇಲೆಯೇ ತಿಳಿದದ್ದು. ಸ್ತ್ರೀರೋಗ ತಜ್ಞರಲ್ಲಿಗೆ ಕಳುಹಿಸಿ ಗರ್ಭಕೋಶದ ಪರೀಕ್ಷೆ ಮಾಡಿಸಲಾಯಿತು. ಗಂಭೀರವಾದುದೇನೂ ಕಾಣಲಿಲ್ಲ, ಸ್ರಾವಕ್ಕೆ ಔಷಧ ಕೊಟ್ಟರು. ಜಂತುಹುಳುವಿನ ಮಾತ್ರೆಯನ್ನೂ ಕಬ್ಬಿಣಾಂಶದ ಮಾತ್ರೆಯನ್ನೂ ನಾವು ಕೊಟ್ಟೆವು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಂಡರೆ ಅದು ಮೈಗೆ ಹತ್ತುವುದು ಕಡಿಮೆ. ಲಿಂಬೆಹಣ್ಣಿನ ನೀರಿನೊಂದಿಗೆ ತೆಗೆದುಕೊಳ್ಳುವುದು ಒಳ್ಳೆಯದು.

ಇಂಥವರಿಗೆ ಮೊದಲ ದಿನವೇ ವೇಗದ ನಡಿಗೆಯನ್ನು ಹೇಳುವುದು ಅವಿವೇಕವಾಗುತ್ತಿತ್ತು. ಅವರಿಗೆ ಬೇಕಿದ್ದುದು ವಿಶ್ರಾಂತಿ. ರಾತ್ರಿಯ ಪಾತ್ರೆಗಳನ್ನು ಮಗ ತೊಳೆಯಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ. ಔಷಧದ ಚೀಟಿಯಲ್ಲಿ ಅಂಥದ್ದನ್ನು ಬರೆಯುವುದು ಪದ್ಧತಿಯಲ್ಲ. ಆದರೆ ವೈದ್ಯರ ಸಹಿ ಇದ್ದ ಕಾರಣ ಆ ಮನೆಯಲ್ಲಿ ಅದು ನಡೆಯಿತು.

ದಸರೆಯ ಪ್ರಯಾಣ

ದಸರೆಯ ರಜೆಗೆ ಎರಡು ದಿನ ಮೊದಲು ಇಬ್ಬರೂ ಬಂದಿದ್ದರು. ಮಾಸ್ತರರ ತೂಕ ೭೫.೫ ಕಿಲೋ, ಸೊಂಟದ ಸುತ್ತಳತೆ ೯೬, ರಕ್ತದೊತ್ತಡ ೧೩೪/೮೪, ಬರಿಹೊಟ್ಟೆಯ ಸಕ್ಕರೆ ೧೦೬. ಮೊದಲು ಹೇಳಿದ ನಾಲ್ಕು ಕಿಲೋ ಗುರಿ ಇನ್ನೂ ಮುಟ್ಟಿಲ್ಲ. ನಡುವೆ ಗಣೇಶನ ಹಬ್ಬದ ಭಜನೆಗಳಲ್ಲಿ ಒಂಬತ್ತು ದಿನ ನಡಿಗೆ ತಪ್ಪಿತ್ತಂತೆ. ರಿಯಾಜು ಒಂದು ವಾರ ತಪ್ಪಿದ ಶಿಷ್ಯನಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. "ಬೈಯೂದಿಲ್ರೀ. ಅಲಂಕಾರದಿಂದ ಸುರು ಮಾಡಸತೀನಿ" ಎಂದರು. ಹತ್ತನೆಯ ದಿನ ಅವರೂ ಇಪ್ಪತ್ತು ಆವರ್ತನದಿಂದ ಆರಂಭಿಸಿದ್ದರು.

ಪತ್ನಿಯ ಹಿಮೋಗ್ಲೋಬಿನ್ ೧೧.೨ಕ್ಕೆ ಏರಿತ್ತು. ಈ ರಜೆಯಲ್ಲಿ ನಾಟಕವಿಲ್ಲ. ಸೊಲ್ಲಾಪುರಕ್ಕೆ ಮಗಳ ಮನೆಗೆ ಹೋಗಿ, ಬರುವಾಗ ವಿಜಯಪುರದ ದಾರಿಯಲ್ಲಿ ಇಳಿದು ಅವರ ತವರಿನಲ್ಲಿ ನಾಲ್ಕು ದಿನ ಇರುವುದೆಂದು ನಿಶ್ಚಯವಾಗಿತ್ತು. ಇಬ್ಬರಿಗೂ ಮೂವತ್ತು ದಿನಗಳ ಮಾತ್ರೆ ಕೊಟ್ಟು, ಬೇರೆ ಊರಿನ ಆಸ್ಪತ್ರೆಯಲ್ಲಿ ತೋರಿಸಬೇಕಾಗಿ ಬಂದರೆ ಇರಲೆಂದು ಔಷಧಗಳ ಹೆಸರು, ಪ್ರಮಾಣಗಳನ್ನು ಒಂದು ಕಾಗದದ ಮೇಲೆ ಬರೆದುಕೊಟ್ಟೆ. ಮಾಸ್ತರರು ಅದನ್ನು ಪೇಟಿಯ ಖೋಳಿನಲ್ಲಿಡಲು ಹೋದರು. ಪತ್ನಿ ಅದನ್ನು ಕೈಯಿಂದ ತೆಗೆದುಕೊಂಡು, "ಈ ಸಲ ಪೇಟಿ ಬರೂದಿಲ್ಲ" ಎಂದು ತಮ್ಮ ಚೀಲದಲ್ಲಿಟ್ಟುಕೊಂಡರು. ಮುಂದಿನ ತಪಾಸಣೆಯನ್ನು ನವೆಂಬರ್ ಮೊದಲ ವಾರಕ್ಕೆ ಗೊತ್ತುಮಾಡಲಾಗಿದೆ.